ಒಂದೇ ಕಾರು, ಗಡಿಗೊಂದು ಬೆಲೆ



2023ರ ಕೊನೆಯ ಹೊತ್ತಿಗೆ ಸಿಂಗಾಪುರದಿಂದ ನನ್ನ ಅಕ್ಕನ ಮಗಳು ಫೋನ್ ಮಾಡಿದ್ದಳು. ಮನೆಯ ಸಮಾಚಾರವೆಲ್ಲ ಮುಗಿದ ಮೇಲೆ ಮಾತು ಅವರ ಕಾರಿನ ಕಡೆ ಹೊರಳಿತು. 2013ರಲ್ಲಿ ಕೊಂಡ ಜಪಾನಿನ ಸಣ್ಣ ಕಾರು ಅದು. ನಾನು ಅಲ್ಲಿಗೆ ಹೋಗಿದ್ದಾಗ ವಿಮಾನ ನಿಲ್ದಾಣದಿಂದ ನನ್ನನ್ನು ಮನೆಗೆ ಕರೆದುಕೊಂಡು ಹೋಗಿದ್ದು ಅದರಲ್ಲೇ. "ಅದನ್ನ ಕೊಟ್ಟುಬಿಡ್ತಾ ಇದೀವಿ ಮಾಮ" ಅಂದಳು. ಯಾಕಮ್ಮ, ಏನಾಯ್ತು, ಎಲ್ಲಾದರೂ ತಗುಲಿಸಿಕೊಂಡಿರಾ ಎಂದು ಕೇಳಿದೆ. "ಕಾರಿಗೇನೂ ಆಗಿಲ್ಲ. ಅದರ ಪರವಾನಗಿಗೆ ಹತ್ತು ವರ್ಷ ತುಂಬಿತು. ಇನ್ನೂ ಹತ್ತು ವರ್ಷ ಇಟ್ಕೋಬೇಕು ಅಂದ್ರೆ ತೊಂಬತ್ತು ಸಾವಿರ ಡಾಲರಿಗೂ ಮೇಲೆ ಕಟ್ಟಬೇಕು."

ಸಿಂಗಾಪುರದ ತೊಂಬತ್ತು ಸಾವಿರ ಡಾಲರ್ ಎಂದರೆ ಆಗ ನಮ್ಮ ಲೆಕ್ಕದಲ್ಲಿ ಸುಮಾರು 55 ಲಕ್ಷ ರೂಪಾಯಿ. ಅದು ಹೊಸ ಕಾರಿನ ಬೆಲೆಯಲ್ಲ. ಮನೆಯ ಮುಂದೆ ಆಗಲೇ ನಿಂತಿರುವ, ಹತ್ತು ವರ್ಷ ಓಡಿದ ಸ್ವಂತ ಕಾರನ್ನು ಮುಂದೆಯೂ ಓಡಿಸಲು ಕೊಡಬೇಕಾದ ಹಣ. ಅವರ ಮನೆ ಇರುವುದು ವುಡ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿಂದ ಸಮುದ್ರದ ಮೇಲೆ ಹಾಸಿದ ಒಂದು ಕಿಲೋಮೀಟರಿನಷ್ಟು ಉದ್ದದ ಏರಿ ದಾಟಿದರೆ ಮಲೇಷ್ಯಾದ ಜೊಹೊರ್ ಬಾರು ಪಟ್ಟಣ. 1924ರಿಂದ ಎರಡೂ ದಡಗಳನ್ನು ಕೂಡಿಸಿರುವ ದಾರಿ ಅದು. ಆಚೆ ದಡದ ಶೋರೂಮಿನಲ್ಲಿ ಅಂಥದೇ ಹೊಸ ಕಾರು ಈಚೆ ದಡದ ಬೆಲೆಯ ಹೆಚ್ಚೂಕಡಿಮೆ ನಾಲ್ಕನೇ ಒಂದು ಪಾಲಿಗೆ ಸಿಗುತ್ತದೆ. ಅದೇ ತಗಡು, ಅದೇ ಚಕ್ರ, ಸ್ಟಿಯರಿಂಗ್ ಕೂಡ ಅದೇ ಬಲಗಡೆ. ಒಂದು ಕಿಲೋಮೀಟರಿನಲ್ಲಿ ಬೆಲೆ ನಾಲ್ಕು ಪಟ್ಟಾಗುವುದು ಹೇಗೆ? ಅಂದು ತಲೆಗೆ ಹೊಕ್ಕ ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸಿಂಗಾಪುರದ ಲೆಕ್ಕವನ್ನೇ ಬಿಡಿಸಿ ನೋಡೋಣ. ಬಂದರಿನಲ್ಲಿ ಇಳಿದಾಗ ಒಂದು ಕಾರಿನ ಬೆಲೆ 20,000 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 20ರಷ್ಟು ಸುಂಕ, ಅಂದರೆ 4,000. ಈ 24,000ದ ಮೇಲೆ ಶೇಕಡಾ 9ರ ಜಿಎಸ್‌ಟಿ, 2,160. ಆಮೇಲೆ ಹೆಚ್ಚುವರಿ ನೋಂದಣಿ ಶುಲ್ಕ. ಮೊದಲ 20,000 ಡಾಲರಿಗೆ ಇದು ಶೇಕಡಾ 100, ಎಂದರೆ ಕಾರಿನ ಬೆಲೆಯಷ್ಟನ್ನೇ ಮತ್ತೊಮ್ಮೆ ಕೊಡಬೇಕು. ದುಬಾರಿ ಕಾರಿಗೆ ಈ ದರ ಮೆಟ್ಟಿಲುಮೆಟ್ಟಿಲಾಗಿ ಏರಿ, 2023ರಿಂದ ಈಚೆಗೆ ತುದಿಯ ಮೆಟ್ಟಿಲಿನಲ್ಲಿ ಶೇಕಡಾ 320 ಆಗಿದೆ. ಇಷ್ಟೆಲ್ಲ ಆದಮೇಲೆ ಅಕ್ಕನ ಮಗಳು ಹೇಳಿದ ಆ ಪರವಾನಗಿ. ಅಲ್ಲಿನ ಜನ ಅದನ್ನು ಸಿಓಇ ಎನ್ನುತ್ತಾರೆ. ಕಾರು ಇಟ್ಟುಕೊಳ್ಳುವ ಹತ್ತು ವರ್ಷದ ಹಕ್ಕು ಅದು. 2023ರ ಅಕ್ಟೋಬರಿನಲ್ಲಿ ಸಣ್ಣ ಕಾರಿನ ಸಿಓಇ ಒಂದು ಲಕ್ಷ ಡಾಲರಿಗೂ ಮೇಲಿತ್ತು. ಅಷ್ಟನ್ನೇ ಸೇರಿಸಿದರೂ 20,000 ಡಾಲರಿನ ಕಾರು 1,46,160 ಆಗುತ್ತದೆ. ಮಾರುವವನ ಲಾಭ ಇದರಲ್ಲಿ ಇನ್ನೂ ಸೇರಿಲ್ಲ.

ಈ ಸಿಓಇಯ ಬೆಲೆಯನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಎಷ್ಟು ಪರವಾನಗಿ ಬಿಡಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ತಿಂಗಳಿಗೆ ಎರಡು ಸಲ ಹರಾಜು ನಡೆಯುತ್ತದೆ, ಗೆದ್ದವರೆಲ್ಲರೂ ಒಂದೇ ದರ ಕೊಡುತ್ತಾರೆ. 1990ರಲ್ಲಿ ಶುರುವಾದ ಪದ್ಧತಿ ಇದು. ಆರ್ಥಿಕ ಕುಸಿತದಿಂದ ಜನ ಕಂಗಾಲಾಗಿದ್ದ 2008ರ ನವೆಂಬರಿನ ಒಂದು ಹರಾಜಿನಲ್ಲಿ ಸಣ್ಣ ಕಾರಿನ ಸಿಓಇ ಎರಡೇ ಎರಡು ಡಾಲರಿಗೆ ಬಿದ್ದಿತ್ತು. ಎರಡು ಡಾಲರಿನಿಂದ ಒಂದು ಲಕ್ಷ ಡಾಲರಿಗೆ ಏರಿದ್ದು ಅದೇ ಹಕ್ಕು, ಅದೇ ಕಾಗದ. ಕಾರಿನ ಬೆಲೆ ಎಂದು ನಾವು ಕರೆಯುವುದರಲ್ಲಿ ಕಾರಿನ ಪಾಲು ಎಷ್ಟು ಕಡಿಮೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಹೀಗೇಕೆ ಮಾಡಿದರು? ಸಿಂಗಾಪುರದ ವಿಸ್ತಾರ ಸುಮಾರು 735 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರ ಪಾಲಿಕೆ ಎಂದು ನಾವು ಕರೆಯುತ್ತಿದ್ದ ವ್ಯಾಪ್ತಿ ಇದೆಯಲ್ಲ, ಹೆಚ್ಚೂಕಡಿಮೆ ಅಷ್ಟೇ. ಆದರೆ ಅದು ಇಡೀ ಒಂದು ದೇಶ. ಬಂದರು, ಸೇನೆ, ನೀರಿನ ಕೆರೆ, ಕಾರ್ಖಾನೆ, ಮನೆ ಎಲ್ಲವೂ ಅಷ್ಟರಲ್ಲೇ ಆಗಬೇಕು. ಆಗಲೇ ನೆಲದ ಶೇಕಡಾ 12ರಷ್ಟನ್ನು ರಸ್ತೆಗಳು ತಿಂದಿವೆ. ಇನ್ನು ರಸ್ತೆ ಅಗಲಿಸಲು ಜಾಗವಿಲ್ಲ ಎಂದು ಹೇಳಿ 2018ರ ಫೆಬ್ರವರಿಯಿಂದ ಕಾರುಗಳ ಬೆಳವಣಿಗೆಯ ದರವನ್ನು ಸೊನ್ನೆಗೆ ಇಳಿಸಿಬಿಟ್ಟರು. ಹಳೆಯದೊಂದು ಹೋದರೆ ಹೊಸದೊಂದು ಬರಬಹುದು ಎಂಬುದು ಆಗಿನ ಲೆಕ್ಕ. ಸುಮಾರು 60 ಲಕ್ಷ ಜನರಿರುವ ಆ ನಾಡಿನಲ್ಲಿ ಇರುವ ಕಾರುಗಳು ಆರೂವರೆ ಲಕ್ಷದ ಆಸುಪಾಸು. ಅಷ್ಟೇ ನೆಲದ ನಮ್ಮ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಸಿಲ್ಕ್ ಬೋರ್ಡ್ ಬಳಿ ಸಂಜೆ ಆರು ಗಂಟೆಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸಿಂಗಾಪುರದ ಕ್ರಮವನ್ನು ನಾನು ಕಣ್ಣು ಮುಚ್ಚಿಕೊಂಡು ಹೊಗಳಲಾರೆ. ಹರಾಜಿನಲ್ಲಿ ಗೆಲ್ಲುವುದು ದುಡ್ಡು. ಇಬ್ಬರು ಸಣ್ಣ ಮಕ್ಕಳು, ಮಂಡಿ ನೋವಿನ ಅತ್ತೆ ಇರುವ ಸಂಸಾರಕ್ಕೂ, ಮೂರನೇ ಕಾರು ಕೊಳ್ಳುವ ಸಾಹುಕಾರನಿಗೂ ಅಲ್ಲಿ ಒಂದೇ ದರ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಅಲ್ಲಿ ಬೆಲೆಯ ಗೋಡೆ ಕಟ್ಟಿದವರು ಯಾರು, ಯಾಕೆ ಕಟ್ಟಿದರು, ಅದರಿಂದ ಬಂದ ಹಣ ಯಾರ ಕೈ ಸೇರಿತು ಎಂಬುದು ಪ್ರತಿಯೊಬ್ಬ ಪ್ರಜೆಗೂ ಗೊತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಏರಿ ದಾಟಿ ಮಲೇಷ್ಯಾಕ್ಕೆ ಬನ್ನಿ. ಅಲ್ಲಿ ಕಾರು ಅಗ್ಗ ಎಂದೆ, ಸಿಂಗಾಪುರಕ್ಕೆ ಹೋಲಿಸಿದರೆ ಅಗ್ಗ. ಮಲೇಷ್ಯಾದವರನ್ನೇ ಕೇಳಿದರೆ ಹೊರದೇಶದ ಕಾರು ತಮಗೆ ತುಟ್ಟಿ ಎನ್ನುತ್ತಾರೆ, ಅದೂ ನಿಜವೇ. 1983ರಲ್ಲಿ ಪ್ರಧಾನಿ ಮಹಾತಿರ್ ಮೊಹಮದ್ ಅವರ ಹಟದಿಂದ ಪ್ರೋಟಾನ್ ಎಂಬ ದೇಶೀ ಕಾರು ಕಂಪನಿ ಹುಟ್ಟಿತು. ಕೈ ಹಿಡಿದು ನಡೆಸಿದ್ದು ಜಪಾನಿನ ಮಿತ್ಸುಬಿಷಿ. 1985ರಲ್ಲಿ ಪೆನಾಂಗ್ ಸೇತುವೆಯ ಉದ್ಘಾಟನೆಯಾದಾಗ ಮಹಾತಿರ್ ಸ್ವತಃ ಪ್ರೋಟಾನ್ ಸಾಗಾ ಓಡಿಸಿಕೊಂಡು ಸೇತುವೆ ದಾಟಿದರು. ಆ ಕಾರನ್ನು ಕಾಪಾಡಲು ಹೊರಗಿನ ಕಾರುಗಳ ಮೇಲೆ ಭಾರಿ ಸುಂಕ ಹೇರಿದರು, ಆಮದಿಗೆ ವಿಶೇಷ ಪರವಾನಗಿ ಬೇಕೆಂದರು. ಮುಂದೆ ಆಸಿಯಾನ್ ಒಪ್ಪಂದದ ಪ್ರಕಾರ ನೆರೆಯ ದೇಶಗಳ ಕಾರಿಗೆ ಆಮದು ಸುಂಕ ಇಳಿಸಲೇಬೇಕಾಗಿ ಬಂತು. ಆಗ ಅಬಕಾರಿ ಸುಂಕ ಮೇಲೆದ್ದಿತು. ಹೆಸರು ಬದಲಾಯಿತು, ಕೊಳ್ಳುವವನ ಹೊರೆ ಮಾತ್ರ ಹಾಗೇ ಉಳಿಯಿತು.

ಅದೇ 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಿದ್ದು ಹಿರಿಯ ಕೇಳುಗರಿಗೆ ನೆನಪಿರಬಹುದು. ಇಲ್ಲೂ ಜಪಾನಿನ ಪಾಲುದಾರ, ಇಲ್ಲೂ ಎತ್ತರದ ಸುಂಕದ ಬೇಲಿ. ಹಾಗಾಗಿ ಮಲೇಷ್ಯಾದ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ದೇಶವೂ ಒಂದು ಕಾರು ಮಾಡಬೇಕು ಎಂಬ ಆಸೆಯಲ್ಲಿ ಸಾವಿರಾರು ಮನೆಗಳ ಅನ್ನ ಇರುತ್ತದೆ. ಆದರೆ ಸಸಿಗೆ ಕಟ್ಟಿದ ಬೇಲಿ ಮರಕ್ಕೂ ಇರಬೇಕೆ? 2017ರಲ್ಲಿ ಪ್ರೋಟಾನಿನ ಶೇಕಡಾ 49.9ರಷ್ಟು ಪಾಲು ಚೀನಾದ ಗೀಲಿ ಕಂಪನಿಗೆ ಹೋಯಿತು. ಅದಕ್ಕೂ ಮುಂಚಿನ ಮೂರು ದಶಕ ಆ ಕಂಪನಿಯ ಖರ್ಚಿನ ಒಂದು ಪಾಲನ್ನು ಹೊತ್ತವರು ಟೊಯೋಟಾವನ್ನೋ ಹೋಂಡಾವನ್ನೋ ಹೆಚ್ಚು ಬೆಲೆಗೆ ಕೊಂಡ ಸಾಮಾನ್ಯ ಮಲೇಷಿಯನ್ನರೂ ಹೌದು ಎಂದೇ ನನ್ನ ಎಣಿಕೆ.

ಬೆಲೆ ಇಷ್ಟು ಬೇರೆಯಾದರೆ ಜನ ಸುಮ್ಮನಿರುತ್ತಾರೆಯೇ? ಇರುವುದಿಲ್ಲ. ಅದಕ್ಕೇ ಗಡಿಯಲ್ಲಿ ಕಾವಲು. ಸಿಂಗಾಪುರದ ಪೌರರು ಮಲೇಷ್ಯಾದಲ್ಲಿ ಕಾರು ಕೊಂಡು ತಮ್ಮೂರಿನಲ್ಲಿ ಓಡಿಸುವಂತಿಲ್ಲ. ಕಾರು ಹೋಗಲಿ, ಪೆಟ್ರೋಲಿಗೂ ನಿಯಮವಿದೆ. ಸಿಂಗಾಪುರದ ಕಾರು ಏರಿ ದಾಟಬೇಕಾದರೆ ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಪೆಟ್ರೋಲ್ ಇರಲೇಬೇಕು. ಖಾಲಿ ಟ್ಯಾಂಕಿನಲ್ಲಿ ಹೋಗಿ ಆಚೆ ದಡದ ಅಗ್ಗದ ಪೆಟ್ರೋಲ್ ತುಂಬಿಸಿಕೊಂಡು ಬರಬಾರದೆಂದು ಈ ಕಟ್ಟಳೆ. ಮಲೇಷ್ಯಾದವರೂ ತಮ್ಮ ಸಬ್ಸಿಡಿ ಪೆಟ್ರೋಲನ್ನು ಪರದೇಶದ ನಂಬರ್ ಪ್ಲೇಟಿಗೆ ಹಾಕುವುದನ್ನು 2010ರಿಂದ ನಿಲ್ಲಿಸಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಏರಿಯ ಎರಡೂ ಕೊನೆಯಲ್ಲಿ ಅಂಥ ಸುಂಕದವರಿದ್ದಾರೆ.

ಇಲ್ಲಿಯವರೆಗೆ ಕೇಳಿದವರು, ಎಲ್ಲವೂ ಸರ್ಕಾರದ ತೆರಿಗೆಯ ಮಹಿಮೆ ಎಂದುಕೊಂಡಿರಬಹುದು. ಬಹುಕಾಲ ನಾನೂ ಹಾಗೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಲುಗಾಡಿಸಿದ್ದು ಯೂರೋಪಿನ ಕಥೆ.

ಯೂರೋಪ್ ಒಕ್ಕೂಟದ ಒಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಆಮದು ಸುಂಕವಿಲ್ಲ. ಒಂದೇ ಮಾರುಕಟ್ಟೆ. ಹೊಸ ಕಾರನ್ನು ಬೇರೆ ದೇಶದಲ್ಲಿ ಕೊಂಡರೆ ಅಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ, ತನ್ನ ಊರಿಗೆ ತಂದು ತನ್ನ ದೇಶದ ತೆರಿಗೆ ಕಟ್ಟಿದರಾಯಿತು. ಹಾಗಿದ್ದ ಮೇಲೆ ತೆರಿಗೆ ಬಿಟ್ಟು ನೋಡಿದರೆ ಬೆಲೆ ಎಲ್ಲೆಡೆ ಒಂದೇ ಇರಬೇಕಲ್ಲವೆ? ಇರಲಿಲ್ಲ. ಯೂರೋಪಿಯನ್ ಕಮಿಷನ್ 1990ರ ದಶಕದಿಂದ ಹಲವು ವರ್ಷ ಒಂದು ಪಟ್ಟಿ ಪ್ರಕಟಿಸುತ್ತಿತ್ತು. ಇಂಥ ಮಾದರಿಯ ಕಾರು, ತೆರಿಗೆ ಬಿಟ್ಟು, ಈ ದೇಶದಲ್ಲಿ ಇಷ್ಟು, ಆ ದೇಶದಲ್ಲಿ ಅಷ್ಟು. ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಅಗ್ಗದ ಸಾಲಿನಲ್ಲಿ ನಿಲ್ಲುತ್ತಿದ್ದ ದೇಶ ಯಾವುದು ಗೊತ್ತೆ? ಕಾರಿನ ಮೇಲೆ ಯೂರೋಪಿನಲ್ಲೇ ಅತಿ ಹೆಚ್ಚು ತೆರಿಗೆ ಹಾಕುವವರ ಪೈಕಿ ಒಂದಾದ ಡೆನ್ಮಾರ್ಕ್.

ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು. 2015ರವರೆಗೆ ಡೆನ್ಮಾರ್ಕಿನಲ್ಲಿ ಒಂದು ಮಿತಿಯಿಂದ ಮೇಲಿನ ಬೆಲೆಗೆ ಶೇಕಡಾ 180ರ ನೋಂದಣಿ ತೆರಿಗೆ ಇತ್ತು. ಅದಕ್ಕೂ ಮೊದಲು ಶೇಕಡಾ 25ರ ವ್ಯಾಟ್. ಕಂಪನಿ ತನ್ನ ಬೆಲೆಗೆ 1,000 ಕ್ರೋನರ್ ಸೇರಿಸಿತು ಎನ್ನಿ. ವ್ಯಾಟ್ ಸೇರಿ 1,250 ಆಯಿತು. ಅದರ ಮೇಲೆ 180ರಂತೆ 2,250. ಕೊಳ್ಳುವವನ ಪಾಲಿಗೆ ಒಟ್ಟು 3,500. ಕಂಪನಿ ಒಂದು ಹೆಜ್ಜೆ ಇಟ್ಟರೆ ಗಿರಾಕಿ ಮೂರೂವರೆ ಹೆಜ್ಜೆ ಹಿಂದೆ ಸರಿಯುತ್ತಾನೆ. ಅದೇ 1,000 ಇಳಿಸಿದರೆ ಅವನಿಗೆ 3,500 ಉಳಿಯುತ್ತದೆ. ಹೀಗಾಗಿ ಡೆನ್ಮಾರ್ಕಿನಲ್ಲಿ ಕಾರು ಮಾರಬೇಕಾದರೆ ಕಂಪನಿ ತನ್ನ ಬೆಲೆಯನ್ನು ತಗ್ಗಿಸಲೇಬೇಕಿತ್ತು, ತಗ್ಗಿಸಿತು. ಗಡಿಯ ಈಚೆ ಜರ್ಮನಿಯಲ್ಲಿ ವ್ಯಾಟ್ ಬಿಟ್ಟರೆ ಕೊಳ್ಳುವಾಗ ಬೇರೆ ದೊಡ್ಡ ತೆರಿಗೆಯಿಲ್ಲ, ಜನರ ಕೈಯಲ್ಲಿ ಹಣವಿದೆ, ಸ್ವದೇಶಿ ಕಾರಿನ ಮೇಲೆ ಅಭಿಮಾನವಿದೆ. ಅಲ್ಲಿ ಅದೇ ಕಾರಿಗೆ ಕಂಪನಿ ಹೆಚ್ಚು ಇಟ್ಟುಕೊಂಡಿತು. ಬಿಯರ್ ಕೊಳ್ಳಲು ಡೆನ್ಮಾರ್ಕಿನವರು ಜರ್ಮನಿಗೆ ಬರುತ್ತಿದ್ದರು, ಕಾರು ಕೊಳ್ಳಲು ಜರ್ಮನಿಯವರು ಡೆನ್ಮಾರ್ಕಿಗೆ ಹೋಗುತ್ತಿದ್ದರು.

ಅಂದರೆ ಬೆಲೆ ಬರೆಯುವ ಕೈಗಳು ಎರಡು. ಒಂದು ಸರ್ಕಾರದ್ದು, ಇನ್ನೊಂದು ಕಂಪನಿಯದು. ಈ ಊರಿನ ಗಿರಾಕಿ ಎಷ್ಟು ತಡೆದುಕೊಳ್ಳುತ್ತಾನೆ ಎಂದು ಅಳೆದು ನೋಡಿ ಬರೆಯುವ ಕೈ ಈ ಎರಡನೆಯದು. ಸಂತೆಯಲ್ಲಿ ಸೀರೆ ಮಾರುವವನು ಮುಖ ನೋಡಿ ಬೆಲೆ ಹೇಳುತ್ತಾನಲ್ಲ, ಇದೂ ಹಾಗೆಯೇ. ವ್ಯತ್ಯಾಸವೆಂದರೆ ಸಂತೆಯಲ್ಲಿ ನಾವು ಪಕ್ಕದ ಅಂಗಡಿಗೆ ಹೋಗಬಹುದು. ಪಕ್ಕದ ಅಂಗಡಿಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರೆ?

ಅದೂ ನಡೆಯಿತು. 1992ರ ಸೆಪ್ಟೆಂಬರಿನಲ್ಲಿ ಇಟಲಿಯ ಲೀರಾ ಹಣ ಯೂರೋಪಿನ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದು ಕುಸಿಯಿತು. ಹಣದ ಬೆಲೆ ದಿನದಿನವೂ ಬದಲಾಗುತ್ತದೆ, ಶೋರೂಮಿನ ದರಪಟ್ಟಿ ಆ ವೇಗದಲ್ಲಿ ಬದಲಾಗುವುದಿಲ್ಲ. ಜರ್ಮನಿಯ ಮಾರ್ಕ್ ಹಿಡಿದವನಿಗೆ ಇಟಲಿಯಲ್ಲಿ ಮಾರುವ ಕಾರು ಇದ್ದಕ್ಕಿದ್ದಂತೆ ಸೋವಿಯಾಗಿ ಕಂಡಿತು. ಜರ್ಮನಿ, ಆಸ್ಟ್ರಿಯಾದ ಜನ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಹೊರಟರು. ಅವರು ಕೊಳ್ಳಲು ಹೋದದ್ದು ಜರ್ಮನಿಯದೇ ಆದ ಫೋಕ್ಸ್‌ವ್ಯಾಗನ್ ಮತ್ತು ಔಡಿ ಕಾರುಗಳನ್ನು. ಕಂಪನಿ ಇಟಲಿಯ ಡೀಲರುಗಳಿಗೆ ಕಡಿವಾಣ ಹಾಕಿತು. ತಮ್ಮ ಪ್ರದೇಶದ ಹೊರಗೆ ಮಾರಿದ ಕಾರುಗಳು ಶೇಕಡಾ 15ನ್ನು ಮೀರಿದರೆ ಅವನ್ನು ಬೋನಸ್ಸಿನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತು. ಹೊರದೇಶದವರಿಗೆ ಮಾರಿದರೆ ಏಜೆನ್ಸಿ ಹೋದೀತೆಂಬ ಬೆದರಿಕೆಯೂ ಬಂತು. ದೂರದಿಂದ ಬಂದ ಗಿರಾಕಿ ಬರಿಗೈಯಲ್ಲಿ ವಾಪಸಾಗಬೇಕಾಯಿತು.

ಗಿರಾಕಿಗಳು ಯೂರೋಪಿಯನ್ ಕಮಿಷನ್‌ಗೆ ದೂರು ಕೊಟ್ಟರು. ತನಿಖೆಯಾಯಿತು, ಕಂಪನಿಯ ಕಚೇರಿಗಳಲ್ಲಿ ಕಾಗದಪತ್ರಗಳು ಸಿಕ್ಕವು. 1998ರ ಜನವರಿ 28ರಂದು ಕಮಿಷನ್ ಫೋಕ್ಸ್‌ವ್ಯಾಗನ್‌ಗೆ 10 ಕೋಟಿ 20 ಲಕ್ಷ ಎಕ್ಯು ದಂಡ ವಿಧಿಸಿತು. ಎಕ್ಯು ಎಂದರೆ ಯೂರೋ ಬರುವ ಮೊದಲು ಒಕ್ಕೂಟ ಲೆಕ್ಕಕ್ಕೆ ಬಳಸುತ್ತಿದ್ದ ಹಣದ ಮಾನ. ಒಂದೇ ಕಂಪನಿಯ ಮೇಲೆ ಅಷ್ಟು ದೊಡ್ಡ ದಂಡ ಅಲ್ಲಿಯವರೆಗೆ ಬಿದ್ದಿರಲಿಲ್ಲ. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2000ದಲ್ಲಿ ದಂಡ 9 ಕೋಟಿ ಯೂರೋಗೆ ಇಳಿಯಿತು, 2003ರಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ಈ ಪ್ರಕರಣವನ್ನು ನಾನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸಿಂಗಾಪುರದ ಗೋಡೆಯನ್ನು ಶಾಸನ ಕಟ್ಟಿತ್ತು, ಹಗಲಿನಲ್ಲಿ ಕಟ್ಟಿತ್ತು. ಹಣ ಖಜಾನೆಗೆ ಹೋಗಿ ಬಸ್ಸು, ರೈಲು, ಶಾಲೆಗಳಾಗಿ ತಿರುಗಿ ಬರುವ ದಾರಿಯಿತ್ತು. ಆಲ್ಪ್ಸ್‌ನ ದಾರಿಗೆ ಅಡ್ಡವಾಗಿ ನಿಂತ ಗೋಡೆಯನ್ನು ಕಂಪನಿಯೊಂದು ತನ್ನ ಡೀಲರುಗಳ ಕರಾರಿನೊಳಗೆ ಕಟ್ಟಿತ್ತು. ಗಡಿ ಅಳಿಸುತ್ತೇವೆ ಎಂದು ದೇಶಗಳೆಲ್ಲ ಸೇರಿ ಸಹಿ ಹಾಕಿದ ಮೇಲೂ ಅದು ಅಲ್ಲಿತ್ತು, ಮತ್ತು ಕೊಳ್ಳುವವನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲನೆಯದರ ಬಗ್ಗೆ ಚುನಾವಣೆಯಲ್ಲಿ ಜಗಳವಾಡಬಹುದು. ಎರಡನೆಯದನ್ನು ಹುಡುಕಿ ತೆಗೆಯಲು ದೂರು ಕೊಡುವ ಗಿರಾಕಿಯೂ, ದೂರನ್ನು ಕೈಗೆತ್ತಿಕೊಳ್ಳುವ ಸಂಸ್ಥೆಯೂ ಬೇಕಾಗುತ್ತದೆ.

ಬ್ರಿಟನ್ನಿನವರಿಗೆ ಇನ್ನೊಂದು ತೊಡಕಿತ್ತು. ಅವರ ಕಾರಿನ ಸ್ಟಿಯರಿಂಗ್ ಬಲಗಡೆ, ಯೂರೋಪಿನ ಮುಖ್ಯ ಭೂಭಾಗದಲ್ಲಿ ಎಡಗಡೆ. ಬೆಲ್ಜಿಯಮ್ಮಿನಲ್ಲಿ ಕಾರು ಅಗ್ಗವೆಂದು ಹೋದರೆ ಬಲಗಡೆಯ ಸ್ಟಿಯರಿಂಗಿಗೆ ಬೇರೆ ದರ, ಬೇರೆ ಕಾಯುವಿಕೆ. ಸ್ಟಿಯರಿಂಗ್ ಯಾವ ಕಡೆ ಎಂಬುದೇ ಒಂದು ಗಡಿ. ಜಪಾನಿನಲ್ಲಿ ಬಳಸಿ ಬಿಟ್ಟ ಕಾರುಗಳು ಶ್ರೀಲಂಕಾಕ್ಕೂ ಬಾಂಗ್ಲಾದೇಶಕ್ಕೂ ಹಡಗು ಹತ್ತಿ ಬರುವುದಕ್ಕೆ ಅಲ್ಲಿಯೂ ಸ್ಟಿಯರಿಂಗ್ ಬಲಗಡೆ ಇರುವುದು ಒಂದು ಮುಖ್ಯ ಕಾರಣ.

ಇನ್ನು ನಮ್ಮ ನೆರೆಗೆ ಬರೋಣ. ಬಿಹಾರದ ರಕ್ಸೌಲ್ ದಾಟಿದರೆ ನೇಪಾಳದ ಬೀರ್‌ಗಂಜ್. ಹರಿಯಾಣದಲ್ಲಿ ತಯಾರಾದ ಪೆಟ್ರೋಲ್ ಕಾರು ಆ ಗಡಿ ದಾಟಿದೊಡನೆ ಇಲ್ಲಿಯ ಬೆಲೆಯ ಎರಡು ಪಟ್ಟನ್ನೂ ಮೀರುತ್ತದೆ. ಇದಕ್ಕೆ ವಿನಿಮಯ ದರ ಕಾರಣವಲ್ಲ, ಭಾರತದ 1 ರೂಪಾಯಿಗೆ ನೇಪಾಳದ 1 ರೂಪಾಯಿ 60 ಪೈಸೆ ಎಂಬುದು 1993ರಿಂದ ಅಲುಗಿಲ್ಲ. ಕಾಪಾಡಿಕೊಳ್ಳಲು ಅಲ್ಲಿ ಪ್ರೋಟಾನ್‌ನಂಥ ದೊಡ್ಡ ಕಾರ್ಖಾನೆಯೂ ಇಲ್ಲ. ಕಾರಣ ಇಷ್ಟೇ: ಬೆಟ್ಟಗುಡ್ಡಗಳ ಆ ಬಡ ದೇಶದಲ್ಲಿ ಮನೆಮನೆಗೆ ಹೋಗಿ ವರಮಾನ ತೆರಿಗೆ ಎತ್ತುವುದು ಕಷ್ಟ, ಗಡಿಯ ಸುಂಕದ ಕಟ್ಟೆಯಲ್ಲಿ ಎತ್ತುವುದು ಸುಲಭ. ಕಾರು ಕೊಳ್ಳುವವನಿಗೆ ಕೊಡುವ ಶಕ್ತಿ ಇದ್ದೇ ಇರುತ್ತದೆ ಎಂಬ ಲೆಕ್ಕಾಚಾರವೂ ಸೇರಿಕೊಂಡಿತು.

ಆದರೆ ಅದೇ ನೇಪಾಳ ಈಚೆಗೆ ನನಗೆ ನಿಜವಾದ ಸಂತೋಷ ಕೊಟ್ಟ ಒಂದು ಕೆಲಸ ಮಾಡಿದೆ. 2015ರಲ್ಲಿ ಗಡಿಯಲ್ಲಿ ಸಾಗಾಟ ನಿಂತಾಗ ಕಠ್ಮಂಡುವಿನ ಜನ ಪೆಟ್ರೋಲಿಗಾಗಿ ದಿನಗಟ್ಟಲೆ ಸಾಲು ನಿಂತಿದ್ದರು. ಪೆಟ್ರೋಲ್ ಪೂರ್ತಿ ಹೊರಗಿನಿಂದ ಬರಬೇಕು, ಹಿಮಾಲಯದ ನದಿಗಳಿಂದ ಹುಟ್ಟುವ ವಿದ್ಯುತ್ತು ಮನೆಯದೇ. ವಿದ್ಯುತ್ ಕಾರಿನ ಮೇಲಿನ ಸುಂಕವನ್ನು ಪೆಟ್ರೋಲ್ ಕಾರಿನದಕ್ಕಿಂತ ಬಹಳ ಕೆಳಗಿಟ್ಟರು. ಇಂದು ನೇಪಾಳ ತರಿಸಿಕೊಳ್ಳುವ ಹೊಸ ಕಾರುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ವಿದ್ಯುತ್ತಿನವು. ಗಡಿ ಅದೇ, ಕಟ್ಟೆ ಅದೇ. ಒಂದು ಬಗೆಯ ಕಾರಿಗೆ ಬಾಗಿಲು ಕಿರಿದಾಯಿತು, ಇನ್ನೊಂದಕ್ಕೆ ಅಗಲವಾಯಿತು. ಊರಿನ ಗಾಳಿ ಹೇಗಿರಬೇಕು ಎಂಬುದನ್ನು ಸುಂಕದ ಕಟ್ಟೆ ತೀರ್ಮಾನಿಸಿತು.

ಇನ್ನು ನಮ್ಮ ಊರಿಗೇ ಮರಳಿದರೆ, ಇಲ್ಲಿನ ಶೋರೂಮಿನಲ್ಲಿ ಎಕ್ಸ್‌ಶೋರೂಂ ಬೆಲೆ ಒಂದು, ಆನ್‌ರೋಡ್ ಬೆಲೆ ಇನ್ನೊಂದು ಎಂದು ಚೀಟಿ ಕೊಡುತ್ತಾರೆ. ನಡುವಿನ ಅಂತರದಲ್ಲಿ ದೊಡ್ಡ ಪಾಲು ಕರ್ನಾಟಕದ ಜೀವಿತಾವಧಿ ತೆರಿಗೆಯದು. 10 ಲಕ್ಷ ದಾಟಿದ ಕಾರಿಗೆ ಶೇಕಡಾ 17, 20 ಲಕ್ಷ ದಾಟಿದರೆ 18. ದೇಶದಲ್ಲಿ ಹೆಚ್ಚು ತೆರಿಗೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಬೆಂಗಳೂರಿನ ಬೀದಿಯಲ್ಲಿ ಓಡುವ ಐಷಾರಾಮಿ ಕಾರಿಗೆ ಕಡಿಮೆ ತೆರಿಗೆಯ ಪುದುಚೇರಿಯ ನಂಬರ್ ಪ್ಲೇಟ್ ಕಾಣುವುದು ಇದೇ ಕಾರಣಕ್ಕೆ, ಆರ್‌ಟಿಓದವರು ಅಂಥವನ್ನು ಹಿಡಿದು ತೆರಿಗೆ ವಸೂಲಿ ಮಾಡುವುದೂ ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೆಲೆ ಇಳಿಯಿತು. ಕಾರಿನ ಒಂದು ನಟ್ಟೂ ಬದಲಾಗಿರಲಿಲ್ಲ. ಯೂರೋಪಿಯನ್ ಕಮಿಷನ್ ಹೊರಡಿಸುತ್ತಿದ್ದಂಥ ಪಟ್ಟಿ ನಮ್ಮಲ್ಲೂ ವರ್ಷಕ್ಕೊಮ್ಮೆ ಬರಬೇಕೆಂಬುದು ನನ್ನ ಬಹುದಿನದ ಆಸೆ. ಯಾವ ರಾಜ್ಯದಲ್ಲಿ, ಯಾವ ನೆರೆ ದೇಶದಲ್ಲಿ, ಯಾವ ಕಾರಿಗೆ ಕಂಪನಿಯ ಬೆಲೆ ಎಷ್ಟು, ಸರ್ಕಾರದ ಪಾಲು ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಬರೆದ ಪಟ್ಟಿ, ಕನ್ನಡದಲ್ಲಿ.

ಅಕ್ಕನ ಮಗಳ ಕಾರಿನ ಮಾತು ಅರ್ಧಕ್ಕೆ ನಿಂತಿತ್ತು. ಆ ಡಿಸೆಂಬರಿನಲ್ಲಿ ಅವರು ಅದರ ನೋಂದಣಿ ರದ್ದು ಮಾಡಿಸಿ ರಫ್ತುದಾರನೊಬ್ಬನಿಗೆ ಒಪ್ಪಿಸಿದರು. ಬಲಗಡೆ ಸ್ಟಿಯರಿಂಗ್ ಇರುವ ಬೇರೆ ಯಾವುದೋ ದೇಶಕ್ಕೆ ಅದು ಹಡಗಿನಲ್ಲಿ ಹೋಗುತ್ತದೆ ಎಂದು ಅವನು ಹೇಳಿದನಂತೆ. ಒಪ್ಪಿಸುವ ಮುಂಚಿನ ಸಂಜೆ ಮನೆಯವರೆಲ್ಲ ಅದರಲ್ಲಿ ಕೂತು ಏರಿಯವರೆಗೆ ಹೋಗಿಬಂದರಂತೆ. ಮರುದಿನದಿಂದ ಮಗುವನ್ನು ಶಾಲೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಾಳೆ.